ಗುಣಹೊಂದಿ ಬಂದವರಿಗೆ ಮನೆಯೆಲ್ಲಿ?

ಒಬ್ಬನ ಬುದ್ಧಿಯನ್ನು ಹಳಿಯಬೇಕಾದಾಗ ಆಡುವ ಒಂದು ಮಾತು ನಮ್ಮ ನಾಡಿನಲ್ಲಿ ಬಹುಕಾಲದಿಂದ ಬಳಕೆಯಲ್ಲಿದೆ. ಬೆಂಗಳೂರಿನ ಕಡೆಯವರಾದರೆ “ಇವನನ್ನು ನಿಮ್ಹಾನ್ಸಿಗೆ ಸೇರಿಸಬೇಕು” ಎನ್ನುವರು. ಉತ್ತರದ ಕಡೆಯವರಾದರೆ “ಧಾರವಾಡಕ್ಕೆ ಕಳಿಸಬೇಕು” ಎನ್ನುವರು. ಕೇಳಿದವರು ನಗುವರು. ಸೇರಿಸುವುದಕ್ಕೂ ಕಳಿಸುವುದಕ್ಕೂ ನಮ್ಮಲ್ಲಿ ಹೀಗೆ ಮಾತುಗಳುಂಟು. ಅಲ್ಲಿಂದ ಹಿಂದಿರುಗಿ ಬಂದವನನ್ನು ಎದುರುಗೊಳ್ಳುವುದಕ್ಕೆ ಮಾತ್ರ ಮಾತಿಲ್ಲ. ಬಾಣಂತಿ ತವರಿನಿಂದ ಬಂದರೆ ಆರತಿ ಎತ್ತುವೆವು. ಕಾಶಿಗೆ ಹೋಗಿ ಬಂದವರು ಸಮಾರಾಧನೆ ಮಾಡಿದರೆ ಊರೆಲ್ಲ ಹೋಗಿ ಉಂಡು ಬರುವೆವು. ವಿಷಮಶೀತಜ್ವರದಿಂದ ಎದ್ದವನಿಗೆ ಪಥ್ಯದ ಮೊದಲ ಅನ್ನವನ್ನು ಸಂತೋಷದಿಂದ ಬಡಿಸುವೆವು. ಮನಸ್ಸಿನ ಬೇನೆಯಿಂದ ಎದ್ದು ಬಂದವನನ್ನಾದರೋ ಕತ್ತಲಾದ ಮೇಲೆ, ನೆರೆಯವರ ಕಣ್ಣಿಗೆ ಬೀಳದಂತೆ, ಹಿತ್ತಿಲ ಬಾಗಿಲಿನಿಂದ ಒಳಕ್ಕೆ ಕರೆದುಕೊಳ್ಳುವೆವು.

ಮಾನಸಿಕ ಆಸ್ಪತ್ರೆಯಿಂದ ಬಿಡುಗಡೆಯಾದವನು ಸಮಾಜಕ್ಕೆ ಹೊಂದಿಕೊಂಡು ಬಾಳಬೇಕೆಂದು ಎಲ್ಲರೂ ಉಪದೇಶಿಸುತ್ತಾರೆ. ಹೊಂದಿಕೆಯೆಂಬುದು ಇಬ್ಬರು ಸೇರಿ ಮಾಡತಕ್ಕ ಕೆಲಸ. ಅವನ ಪಾಲಿನದನ್ನು ಅವನು ತಿಂಗಳುಗಟ್ಟಲೆ ಕಷ್ಟಪಟ್ಟು ಮಾಡಿ ಬಂದಿದ್ದಾನೆ. ನಮ್ಮ ಪಾಲು ಹಾಗೆಯೇ ಉಳಿದಿದೆ. ಅದನ್ನು ಮಾಡದಿರುವವರಲ್ಲಿ ಮೊದಲಿಗರು ಓದುಬರಹ ಬಲ್ಲ ಮನೆಗಳವರಾದ ನಾವೇ ಎಂಬುದು ಈ ಲೇಖನದ ವಾದ. ವಾದವು ಕಟುವಾಗಿ ತೋರಿದರೆ ವಾಚಕರು ಕ್ಷಮಿಸಬೇಕು. ಸುಳ್ಳಾಗಿ ತೋರಿದರೆ ಮಾತ್ರ ಖಂಡಿಸಬೇಕು.

ಮೊದಲು ಎದುರುಪಕ್ಷದ ಮಾತನ್ನು ಕೇಳೋಣ. ಈಚೆಗೆ ಒಬ್ಬ ಹಿರಿಯ ಮಹನೀಯರು, ವಿದ್ಯಾವಂತರು, ದಾನಧರ್ಮಗಳಲ್ಲಿ ಹಿಂದೆಗೆಯದವರು, ಮಾತಿನ ನಡುವೆ ಹೀಗೆಂದರು: “ಆಸ್ಪತ್ರೆಯಿರುವುದು ಏತಕ್ಕೆ? ಅಲ್ಲಿ ಊಟವಿದೆ, ವೈದ್ಯರಿದ್ದಾರೆ, ತೋಟವಿದೆ. ಅಂಥವರು ಅಲ್ಲಿಯೇ ಸುಖವಾಗಿ ಇರಬಹುದಲ್ಲ. ಮನೆಗೆ ತಂದು ಅವರಿಗೂ ಕಷ್ಟ, ನಮಗೂ ಕಷ್ಟ.” ದಯೆಯ ಉಡುಪನ್ನು ತೊಟ್ಟು ಬರುವ ಈ ಮಾತಿಗೆ ಮರುಳಾಗುವವರು ಬಹುಮಂದಿ. ಆದರೆ ಕಾಲು ಮುರಿದವನಿಗೆ ಮೂಳೆ ಕೂಡಿಕೊಂಡ ಮೇಲೆಯೂ ಅವನು ಆಸ್ಪತ್ರೆಯ ಮಂಚದ ಮೇಲೆಯೇ ಸುಖವಾಗಿ ಇರಬಹುದೆಂದು ಯಾರಾದರೂ ಹೇಳಿದ್ದನ್ನು ಕೇಳಿದ್ದೇವೆಯೆ? ಬೇನೆ ಇಳಿದ ಮೇಲೆಯೂ ಒಬ್ಬನನ್ನು ಗೋಡೆಯ ಒಳಗೆ ಇಟ್ಟುಕೊಂಡರೆ ಅದು ಚಿಕಿತ್ಸೆಯಾಗದು, ಅಪರಾಧವಿಲ್ಲದ ಸೆರೆಯಾಗುವುದು. ಹಾಗೆ ಇಡಲ್ಪಟ್ಟವನಿಗೆ ಕ್ರಮವಾಗಿ ಸಂತೆಯ ವ್ಯವಹಾರ ಮರೆಯುತ್ತದೆ, ಬಸ್ಸು ಹತ್ತುವುದು ಮರೆಯುತ್ತದೆ, ಇಂದು ಏನು ಉಣ್ಣೋಣ ಎಂದು ತಾನೇ ನಿಶ್ಚಯಿಸುವ ಅಭ್ಯಾಸವೂ ತಪ್ಪುತ್ತದೆ. ಆಮೇಲೆ ಅವನನ್ನು ನೋಡಿ “ಕಂಡಿರಾ, ಇವನಿಗೆ ಹೊರಗೆ ಬಾಳುವ ಶಕ್ತಿಯಿಲ್ಲ” ಎನ್ನುವವರೂ ನಾವೇ.

ಬೆಂಗಳೂರಿನಲ್ಲಿ ಇಂಥ ಆಸ್ಪತ್ರೆ 1847ರಲ್ಲಿಯೇ ಸ್ಥಾಪಿತವಾಯಿತು. ಆಗ ಅದಕ್ಕೆ ಲ್ಯುನಾಟಿಕ್ ಅಸೈಲಂ ಎಂದು ಹೆಸರು. 1925ರಲ್ಲಿ ಅದು ಮೈಸೂರು ಸರ್ಕಾರದ ಮಾನಸಿಕ ಆಸ್ಪತ್ರೆಯಾಯಿತು. 1937ರಲ್ಲಿ ಹೊಸೂರು ರಸ್ತೆಯ ವಿಶಾಲವಾದ ಕಟ್ಟಡಕ್ಕೆ ಬಂದಿತು. 1954ರಲ್ಲಿ ಅಲ್ಲಿಯೇ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಹುಟ್ಟಿತು. 1974ರಲ್ಲಿ ಎರಡೂ ಕೂಡಿ ಇಂದಿನ ನಿಮ್ಹಾನ್ಸ್ ಆಯಿತು. ಶಾಸನಗಳೂ ಹೀಗೆಯೇ ಬದಲಾದುವು. 1912ರ ಶಾಸನ ರೋಗಿಯನ್ನು ಕೂಡಿಹಾಕುವ ಕ್ರಮವನ್ನೇ ಮುಖ್ಯವಾಗಿ ಹೇಳಿತು; 1987ರದು ಆ ಶಾಸನವನ್ನು ತೆಗೆದುಹಾಕಿತು; 2017ರ ಮಾನಸಿಕ ಆರೋಗ್ಯ ರಕ್ಷಣಾ ಶಾಸನ ರೋಗಿಯ ಹಕ್ಕುಗಳನ್ನೇ ಮುಂದಿಟ್ಟಿತು. ಔಷಧಗಳ ಕಥೆಯೂ ಇದೇ. 1952ರಲ್ಲಿ ಪ್ಯಾರಿಸ್ಸಿನ ವೈದ್ಯರು ಕ್ಲೋರ್‌ಪ್ರೊಮಜೀನನ್ನು ಮನೋರೋಗಕ್ಕೆ ಪ್ರಯೋಗಿಸಿದ ತರುವಾಯ, ಜೀವಮಾನವೆಲ್ಲ ಒಳಗೇ ಕಳೆಯಬೇಕಾಗಿದ್ದ ಅಸಂಖ್ಯ ಜನರಿಗೆ ಮನೆಗೆ ಮರಳುವ ಸಂಭವ ಒದಗಿತು. ಕಟ್ಟಡ ಬದಲಾಯಿತು, ಶಾಸನ ಬದಲಾಯಿತು, ಔಷಧ ಬದಲಾಯಿತು. “ಹುಚ್ಚ” ಎಂಬ ನಮ್ಮ ನಾಲಗೆಯ ಮೇಲಣ ಮಾತೊಂದು 1847ರಲ್ಲಿ ಇದ್ದ ಸ್ಥಳದಲ್ಲಿಯೇ ಇದೆ.

ಮನೆಗೆ ಬಂದವನಿಗೆ ಆಗುವುದೇನು? ಹೊಡೆತವಿಲ್ಲ, ಉಪವಾಸವಿಲ್ಲ, ನಾವು ಸಭ್ಯರು. ಅವನು ಒಳಕ್ಕೆ ಬಂದರೆ ಮಾತು ನಿಲ್ಲುತ್ತದೆ. ಅವನ ಕೈಗೆ ಹಣ ಕೊಡುವುದಿಲ್ಲ, ಮಗುವನ್ನೂ ಕೊಡುವುದಿಲ್ಲ. ಅವನು ಜೋರಾಗಿ ನಕ್ಕರೆ ಅತ್ತಿಗೆ ಅಣ್ಣನ ಮುಖ ನೋಡುತ್ತಾಳೆ. ಸುಮ್ಮನೆ ಕುಳಿತರೆ ತಾಯಿ ಗಾಬರಿಯಾಗುತ್ತಾಳೆ. ಎಲ್ಲರಿಗೂ ಬರುವ ಕೋಪ ಅವನಿಗೆ ಬಂದರೆ “ಇಂದು ಮಾತ್ರೆ ತೆಗೆದುಕೊಂಡೆಯಾ?” ಎಂಬ ಪ್ರಶ್ನೆ ಸಿದ್ಧವಾಗಿರುತ್ತದೆ. ಆಸ್ತಿಯ ಪಾಲಿನ ಮಾತು ಬಂದ ದಿನ ಅವನ ಕೋಪಕ್ಕೆ ಮಾತ್ರೆಯೇ ಕಾರಣವೆಂದು ಸಾಧಿಸುವುದು ಬಹಳ ಸುಲಭ.

ಅನ್ಯರ ಮನೆಗಳ ಮಾತನ್ನಾಡುವವನು ತನ್ನ ಮನೆಯದನ್ನು ಮುಚ್ಚಿಡುವುದು ನ್ಯಾಯವಲ್ಲ. ನನ್ನ ಚಿಕ್ಕಪ್ಪನವರು ಯೌವನದಲ್ಲಿ ಈ ಬೇನೆಗೆ ಗುರಿಯಾಗಿ, ಆಸ್ಪತ್ರೆಯಲ್ಲಿದ್ದು, ಗುಣಹೊಂದಿ ಮನೆಗೆ ಬಂದರು. ಎರಡು ವರ್ಷಗಳ ಕಾಲ ತೋಟದ ಲೆಕ್ಕವನ್ನು ತಪ್ಪಿಲ್ಲದೆ ಬರೆದರು. ನಮಗೆ ಗಣಿತವನ್ನೂ ಹೇಳಿಕೊಟ್ಟರು. ನನ್ನ ಅಕ್ಕನ ಮದುವೆ ನಿಶ್ಚಯವಾಯಿತು. ಬೀಗರ ಕಣ್ಣಿಗೆ ಬೀಳುವುದು ಬೇಡವೆಂದು ಹಿರಿಯರು ಯೋಚಿಸಿ, ದೂರದ ಬಂಧುಗಳ ಮನೆಯಲ್ಲಿ ಏನೋ ಕೆಲಸವಿದೆಯೆಂದು ಹೇಳಿ, ಮದುವೆಗೆ ನಾಲ್ಕು ದಿನ ಮುಂಚೆ ಅವರನ್ನು ಬಸ್ಸಿಗೆ ಹತ್ತಿಸಿದರು. ಹತ್ತಿಸಲು ಹೋದವರಲ್ಲಿ ನಾನೂ ಒಬ್ಬ. ಅವರು ಒಂದು ಮಾತನ್ನೂ ಆಡಲಿಲ್ಲ. ಎಲ್ಲ ಮುಗಿದ ಮೇಲೆ ಹಿಂದಿರುಗಿ ಬಂದು, “ಯಾವ ಪಾಯಸ ಮಾಡಿಸಿದ್ದಿರಿ?” ಎಂದು ಕೇಳಿದರು. ಯಾರೂ ಉತ್ತರ ಕೊಡಲಿಲ್ಲ. ಲೆಕ್ಕದ ಪುಸ್ತಕವನ್ನು ಅವರು ಮತ್ತೆ ಮುಟ್ಟಲಿಲ್ಲ. ವರ್ಷ ತಿರುಗುವುದರೊಳಗೆ ಮತ್ತೆ ಆಸ್ಪತ್ರೆಗೆ ಸೇರಿದರು. ಆ ಮದುವೆಯೇ ಕಾರಣವೆಂದು ನಾನು ಹೇಳಲಾರೆ. ಈ ಬೇನೆ ಮರುಕಳಿಸಲು ಅನೇಕ ಕಾರಣಗಳುಂಟು. ಕಾರಣವಲ್ಲವೆಂದು ಹೇಳುವ ಧೈರ್ಯವೂ ನನಗೆ ಈವರೆಗೆ ಬಂದಿಲ್ಲ.

ಇದನ್ನು ಕೇವಲ ಭಾವುಕತೆಯೆಂದು ತಳ್ಳಿಹಾಕುವವರು ವೈದ್ಯಶಾಸ್ತ್ರದ ಮಾತನ್ನು ಕೇಳಬೇಕು. ಲಂಡನ್ನಿನ ಜಾರ್ಜ್ ಬ್ರೌನ್ ಎಂಬ ವಿದ್ವಾಂಸರು 1950ರ ದಶಕದಲ್ಲಿ, ಬಹುಕಾಲ ಆಸ್ಪತ್ರೆಯಲ್ಲಿದ್ದು ಬಿಡುಗಡೆಯಾದ ಗಂಡಸರ ಮುಂದಿನ ಸ್ಥಿತಿಯನ್ನು ಪರೀಕ್ಷಿಸಿದರು. ತಂದೆತಾಯಿಗಳ ಅಥವಾ ಹೆಂಡತಿಯ ಬಳಿಗೆ ಹೋದವರಿಗಿಂತ, ಬಾಡಿಗೆಯ ಕೊಠಡಿಗಳಲ್ಲಿ ಇದ್ದವರ ಸ್ಥಿತಿ ಮೇಲಾಗಿದ್ದುದು ಕಂಡುಬಂದಿತು. ಎಲ್ಲರಿಗೂ ಆಶ್ಚರ್ಯವಾಯಿತು. ಮುಂದಣ ಶೋಧನೆಗಳಿಂದ ಗೊತ್ತಾದದ್ದೇನೆಂದರೆ, ಎಡೆಬಿಡದ ಟೀಕೆ, ಹಗೆತನ, ಮಿತಿಮೀರಿದ ಕಾವಲು, ಇವುಗಳಲ್ಲಿ ಯಾವುದಾದರೂ ಇರುವ ಮನೆಯಲ್ಲಿ ಬೇನೆ ಮರುಕಳಿಸುವುದು ಹೆಚ್ಚು. 1976ರಲ್ಲಿ ಪ್ರಕಟವಾದ ಒಂದು ಶೋಧನೆಯು, ಅಂಥ ಬಂಧುಗಳೊಡನೆ ವಾರಕ್ಕೆ 35 ಗಂಟೆಗಳಿಗೆ ಮೀರಿ ಎದುರುಬದುರಾಗಿ ಇರಬೇಕಾದವರಿಗೆ ಅಪಾಯ ಇನ್ನೂ ಅಧಿಕವೆಂದು ತೋರಿಸಿತು. ನೆನಪಿನಲ್ಲಿಡತಕ್ಕ ಸಂಗತಿಯೆಂದರೆ, ರೋಗಿಯ ಸುತ್ತ ಹಗಲಿರುಳು ಕಣ್ಣಿಟ್ಟು ಕೂರುವ ತಾಯಿಯ ಅತಿಪ್ರೀತಿಯೂ ಈ ಪಟ್ಟಿಯಲ್ಲಿ ಸೇರಿದೆ.

ಇಲ್ಲಿ ಸ್ವದೇಶಾಭಿಮಾನಿಗಳು ಎದ್ದು ನಿಲ್ಲುವರು: “ಅದು ಪರದೇಶದ ಮಾತು, ನಮ್ಮ ಅವಿಭಕ್ತ ಕುಟುಂಬದಲ್ಲಿ ಹಾಗಿಲ್ಲ.” ಅವರ ವಾದದಲ್ಲಿ ಸ್ವಲ್ಪ ಸತ್ಯವಿದೆ. 1987ರಲ್ಲಿ ಪ್ರಕಟವಾದ ಚಂಡೀಗಢದ ಶೋಧನೆಯಲ್ಲಿ, ಅಲ್ಲಿನ ಬಂಧುಗಳ ಟೀಕೆ ಲಂಡನ್ನಿನವರದಕ್ಕಿಂತ ಕಡಿಮೆಯೆಂದು ಕಂಡುಬಂದದ್ದು ನಿಜ. ವಿಶ್ವ ಆರೋಗ್ಯ ಸಂಸ್ಥೆಯು ನಡೆಸಿದ ಪರೀಕ್ಷೆಯಲ್ಲಿ ಆಗ್ರಾದ ರೋಗಿಗಳು ಶ್ರೀಮಂತ ದೇಶಗಳವರಿಗಿಂತ ಮೇಲಾಗಿ ಚೇತರಿಸಿಕೊಂಡರೆಂಬುದೂ ನಿಜ. ಆದರೆ ತಾತನ ಕಾಲದ ಸಹನೆಯನ್ನು ಹೊಗಳಿ ಮೊಮ್ಮಗನು ಪುಣ್ಯ ಪಡೆಯಲಾರನು. ಹೊಲವಿದ್ದ ಮನೆಯಲ್ಲಿ ನಿಧಾನವಾಗಿ ಕೆಲಸ ಮಾಡುವವನಿಗೂ ಒಂದು ಕೆಲಸವಿತ್ತು: ದನ ಮೇಯಿಸಬಹುದು, ಅಡಕೆ ಆರಿಸಬಹುದು, ನೀರು ಸೇದಬಹುದು. ಎರಡು ಕೋಣೆಗಳ ಪಟ್ಟಣದ ಮನೆಯಲ್ಲಿ, ಬೆಳಗಾದರೆ ಎಲ್ಲರೂ ಕಚೇರಿಗೂ ಕಾಲೇಜಿಗೂ ಹೊರಟುಹೋದ ಮೇಲೆ, ಅವನಿಗಿರುವ ಕೆಲಸವಾವುದು? ಅವಿಭಕ್ತ ಕುಟುಂಬವು ನೋಡಿಕೊಳ್ಳುತ್ತದೆಂದು ಸಭೆಯಲ್ಲಿ ಹೇಳುವವರು, ಆ ಕುಟುಂಬವೆಂಬ ಪದದ ಅರ್ಥ ಸಾಮಾನ್ಯವಾಗಿ ವಯಸ್ಸಾದ ಒಬ್ಬ ತಾಯಿ ಅಥವಾ ದಣಿದ ಒಬ್ಬ ಹೆಂಡತಿ ಎಂಬುದನ್ನು ಹೇಳುವುದಿಲ್ಲ. ಮಾತ್ರೆ ಕೊಡುವವಳೂ ಆಕೆ, ಬೈಗಳು ತಿನ್ನುವವಳೂ ಆಕೆ. ತಾನು ಸತ್ತ ಮೇಲೆ ಇವನನ್ನು ನೋಡುವವರಾರೆಂದು ರಾತ್ರಿ ನಿದ್ದೆಗೆಡುವವಳೂ ಆಕೆಯೇ. ಬೇನೆಯವಳು ಹೆಣ್ಣಾದರಂತೂ ಗಂಡನ ಮನೆ ಅವಳನ್ನು ತವರಿಗೆ ಬಿಟ್ಟು ಬರುತ್ತದೆ. ಅಣ್ಣತಮ್ಮಂದಿರ ಕಾಲಕ್ಕೆ ತವರೂ ಮುಚ್ಚುತ್ತದೆ.

ಔಷಧದ ವಿಷಯದಲ್ಲಿಯೂ ನಮ್ಮ ನಡೆ ಎರಡು ಬಗೆಯಾಗಿ ತಪ್ಪಿದೆ. ಒಂದು ಕಡೆ, ನಾಲ್ಕು ತಿಂಗಳು ಚೆನ್ನಾಗಿದ್ದರೆ ಸಾಕು, “ಇನ್ನು ಮಾತ್ರೆಯೇಕೆ, ದೇಹ ಕೆಡುತ್ತದೆ” ಎಂದು ನಾವೇ ನಿಲ್ಲಿಸುವೆವು. ಸ್ಕಿಜೋಫ್ರೀನಿಯಾ ಎಂಬ ಚಿತ್ತವಿಕಲತೆಯನ್ನು ಕುರಿತು ನಡೆದ 65 ಪರೀಕ್ಷೆಗಳ ಫಲಗಳನ್ನು ಒಟ್ಟುಗೂಡಿಸಿ 2012ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ, ಔಷಧವನ್ನು ಮುಂದುವರಿಸಿದವರಲ್ಲಿ ವರ್ಷದೊಳಗೆ ಬೇನೆ ಮರುಕಳಿಸಿದ್ದು ನೂರಕ್ಕೆ 27 ಮಂದಿಗೆ. ನಿಲ್ಲಿಸಿದವರಲ್ಲಿ 64 ಮಂದಿಗೆ. ಸಿಹಿಮೂತ್ರದ ರೋಗಿಗೆ ಔಷಧ ನಿಲ್ಲಿಸಬೇಡವೆನ್ನುವ ನಾವು ಇವನಿಗೆ ನಿಲ್ಲಿಸೆನ್ನುವುದೇಕೆ? ಮಾತ್ರೆ ಇರುವವರೆಗೆ ಮನೆತನಕ್ಕೆ ಕಳಂಕವಿದೆಯೆಂಬ ಲಜ್ಜೆಯಿಂದಲೇ ಅಲ್ಲವೆ? ಇನ್ನೊಂದು ಕಡೆ, ಮಾತ್ರೆಯನ್ನೇ ಬೆತ್ತವನ್ನಾಗಿ ಮಾಡಿಕೊಂಡು, ಎದುರುಮಾತಾಡಿದಾಗಲೆಲ್ಲ ಅದನ್ನು ತೋರಿಸುವೆವು. ಔಷಧದಿಂದ ಮೈ ಊದುವುದು, ಕೈ ನಡುಗುವುದು, ಮಂಕು ಕವಿಯುವುದು ಇವೆಲ್ಲ ನಿಜವಾದ ಕಷ್ಟಗಳು; ಅವನ್ನು ವೈದ್ಯರಿಗೆ ತಿಳಿಸಿದರೆ ಔಷಧವನ್ನೋ ಪ್ರಮಾಣವನ್ನೋ ಬದಲಿಸಬಹುದು. ಅವನು ಹೇಳಿಕೊಂಡಾಗ “ಸೋಮಾರಿತನ” ಎಂದು ಬಾಯಿ ಮುಚ್ಚಿಸಿದರೆ, ಅವನು ಮಾತ್ರೆಯನ್ನು ಕದ್ದು ಕಿಟಕಿಯಿಂದ ಎಸೆಯದೆ ಇನ್ನೇನು ಮಾಡಿಯಾನು?

ಉದ್ಯೋಗದ ಮಾತು ಇನ್ನೂ ದುಃಖಕರ. ನಿಮ್ಹಾನ್ಸಿನ ಪುನರ್ವಸತಿ ವಿಭಾಗದಲ್ಲಿ ಬ್ರೆಡ್ಡು ಬೇಯಿಸುವುದು, ಮರಗೆಲಸ, ನೇಯ್ಗೆ ಮೊದಲಾದ ಕಸಬುಗಳನ್ನು ಕಲಿಸುತ್ತಾರೆ. ಕಲಿತವನ ಕೈಗೆ ಕೆಲಸ ಬಂದಿರುತ್ತದೆ. ಕೆಲಸ ಕೊಡುವ ಕೈ ಊರಿನಲ್ಲಿರುವುದಿಲ್ಲ. ಅಂಗಡಿಯವನು ಸಂಬಳವನ್ನು ಅರ್ಧ ಮಾಡುತ್ತಾನೆ. ಕಚೇರಿಯವರು “ಸ್ವಲ್ಪ ದಿನ ವಿಶ್ರಾಂತಿ ತೆಗೆದುಕೊಳ್ಳಿ” ಎನ್ನುತ್ತಾರೆ, ಆ ಸ್ವಲ್ಪ ದಿನಕ್ಕೆ ಕೊನೆಯೇ ಇಲ್ಲ. ವಿಕಲಾಂಗರ ಹಕ್ಕುಗಳ 2016ರ ಶಾಸನದಲ್ಲಿ ಮನೋರೋಗವೂ ಸೇರಿದೆ. ಸರ್ಕಾರಿ ನೌಕರನು ಸೇವೆಯಲ್ಲಿರುವಾಗ ಇಂಥ ವೈಕಲ್ಯಕ್ಕೆ ಗುರಿಯಾದರೆ ಅವನನ್ನು ಕೆಲಸದಿಂದ ತೆಗೆಯುವಂತಿಲ್ಲ, ಅವನ ಪದವಿಯನ್ನು ಇಳಿಸುವಂತಿಲ್ಲ. ಆ ಹುದ್ದೆಗೆ ಆಗದಿದ್ದರೆ ಅದೇ ಸಂಬಳದ ಬೇರೆ ಹುದ್ದೆಗೆ ಹಾಕಬೇಕು. ನಮ್ಮ ಸಂಘದ ಸದಸ್ಯರಲ್ಲಿ ಕಚೇರಿಗಳ ಮೇಲಧಿಕಾರಿಗಳು ಎಷ್ಟೋ ಮಂದಿಯಿದ್ದಾರೆ. ತಮ್ಮ ಕಚೇರಿಯಲ್ಲಿ ಈ ನಿಯಮವನ್ನು ಎಷ್ಟು ಸಲ ನೆನೆದಿದ್ದೇವೆಂದು ಅವರು ತಮ್ಮನ್ನೇ ಕೇಳಿಕೊಳ್ಳಲಿ.

ಮದುವೆಯಲ್ಲಂತೂ ನಮ್ಮ ನಡತೆ ವಂಚನೆಗೆ ಸಮೀಪವಾದುದು. “ಮದುವೆಯಾದರೆ ಸರಿಹೋಗುತ್ತದೆ” ಎಂದು ಬೇನೆಯನ್ನು ಮುಚ್ಚಿಟ್ಟು ಮದುವೆ ಮಾಡುವರು. ಮದುವೆಯ ಜಾಗರಣೆ, ಉಪವಾಸ, ಗದ್ದಲಗಳಲ್ಲಿ ನಿದ್ದೆ ಕೆಡುತ್ತದೆ. ಗುಟ್ಟು ಬಯಲಾದೀತೆಂದು ಮಾತ್ರೆಯನ್ನೂ ನಿಲ್ಲಿಸಿರುತ್ತಾರೆ. ತಿಂಗಳೊಳಗೆ ಬೇನೆ ಮರಳುತ್ತದೆ. ಆಮೇಲೆ ನ್ಯಾಯಾಲಯ. ಸ್ಕಿಜೋಫ್ರೀನಿಯಾ ಎಂಬ ಹೆಸರೊಂದೇ ವಿಚ್ಛೇದನಕ್ಕೆ ಸಾಲದು, ಬೇನೆಯ ತೀವ್ರತೆಯನ್ನು ನೋಡಬೇಕು ಎಂದು ಸರ್ವೋಚ್ಚ ನ್ಯಾಯಾಲಯವು 1988ರಲ್ಲಿಯೇ ಹೇಳಿದೆ. ನ್ಯಾಯಾಲಯಕ್ಕೆ ಇರುವ ವಿವೇಚನೆ ನಮ್ಮ ಜಗಲಿಗಳಿಗೆ ಬಂದಿಲ್ಲ. ಅಲ್ಲಿ ಹೆಸರು ಕೇಳಿದೊಡನೆಯೇ ತೀರ್ಪಾಗುತ್ತದೆ.

“ಅಪಾಯವಿಲ್ಲವೆ?” ಎಂದು ಕೇಳುವರು. ಕೇಳತಕ್ಕ ಪ್ರಶ್ನೆಯೇ ಸರಿ. ಬೇನೆ ಕೆರಳಿದಾಗ ಕೆಲವರು ತಮಗೋ ಪರರಿಗೋ ಹಾನಿ ಮಾಡಿಕೊಳ್ಳುವುದುಂಟು, ಅದಕ್ಕೇ ಆಸ್ಪತ್ರೆಯಿರುವುದು. ಆದರೆ ಚಿಕಿತ್ಸೆ ಪಡೆದು ಬಂದವರಲ್ಲಿ ಬಹುತೇಕರು ಯಾರ ಮೇಲೂ ಕೈ ಎತ್ತುವವರಲ್ಲ. ಅಪಾಯಕ್ಕೆ ಈಡಾಗುವವರೇ ಅವರು. 2001ನೆಯ ಇಸವಿ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ, ಮನೆಯವರು ತಂದು ಬಿಟ್ಟಿದ್ದ ರೋಗಿಗಳನ್ನು ಸರಪಳಿಯಿಂದ ಕಟ್ಟಿದ್ದ ಒಂದು ಖಾಸಗಿ ಆಶ್ರಯದಲ್ಲಿ ಬೆಂಕಿ ಬಿದ್ದು 28 ಮಂದಿ ಸತ್ತರು. ಓಡಿಹೋಗಲು ಅವರ ಕಾಲುಗಳಿಗೆ ಅವಕಾಶವಿರಲಿಲ್ಲ. ಆ ಸರಪಳಿಯ ಒಂದು ತುದಿ ಏರ್ವಾಡಿಯ ಕಂಬದಲ್ಲಿತ್ತು. ಇನ್ನೊಂದು ತುದಿ ಅವರನ್ನು ಬೇಡವೆಂದ ಮನೆಗಳಲ್ಲಿತ್ತು.

ಎಲ್ಲವನ್ನೂ ಮನೆಯವರ ತಲೆಗೇ ಕಟ್ಟಿ ಸರ್ಕಾರವನ್ನು ಬಿಟ್ಟುಬಿಡುವುದು ನನ್ನ ಉದ್ದೇಶವಲ್ಲ. 2017ರ ಶಾಸನದ 19ನೆಯ ಪ್ರಕರಣವು ಸ್ಪಷ್ಟವಾಗಿದೆ: ಮನೋರೋಗವುಳ್ಳವನಿಗೆ ಸಮಾಜದಲ್ಲಿ ಬಾಳುವ ಹಕ್ಕಿದೆ, ಮನೆಯಿಲ್ಲವೆಂದೋ, ಮನೆಯವರು ಒಪ್ಪಲಿಲ್ಲವೆಂದೋ, ಹೊರಗೆ ಅನುಕೂಲಗಳಿಲ್ಲವೆಂದೋ ಅವನನ್ನು ಆಸ್ಪತ್ರೆಯಲ್ಲಿ ಉಳಿಸಿಕೊಳ್ಳಕೂಡದು, ಕುಟುಂಬದ ಮನೆಯಲ್ಲಿ ವಾಸಿಸುವ ಹಕ್ಕನ್ನು ಪಡೆಯಲು ಸರ್ಕಾರ ಅವನಿಗೆ ನೆರವಾಗಬೇಕು, ಆಸ್ಪತ್ರೆಗೂ ಮನೆಗೂ ನಡುವಣ ತಂಗುಮನೆಗಳನ್ನು ಏರ್ಪಡಿಸಬೇಕು. 98ನೆಯ ಪ್ರಕರಣದಂತೆ, ಬಿಡುಗಡೆಗೆ ಮುಂಚೆ ವೈದ್ಯರು ರೋಗಿಯೊಡನೆಯೂ ಮನೆಯವರೊಡನೆಯೂ ಮುಂದಿನ ಚಿಕಿತ್ಸೆಯನ್ನು ಆಲೋಚಿಸಬೇಕು. ಗುಣಹೊಂದಿಯೂ ಹೋಗಲು ಸ್ಥಳವಿಲ್ಲದೆ ಆಸ್ಪತ್ರೆಗಳಲ್ಲಿ ಉಳಿದವರ ವಿಷಯ ಅದೇ 2017ರಲ್ಲಿ ಸರ್ವೋಚ್ಚ ನ್ಯಾಯಾಲಯದ ಮುಂದೆ ಬಂದಾಗ, ಅವರ ಪುನರ್ವಸತಿಗೆ ಕ್ರಮ ಕೈಗೊಳ್ಳಬೇಕೆಂದು ಸರ್ಕಾರಗಳಿಗೆ ಆಜ್ಞೆಯಾಯಿತು. ನಮ್ಮ ರಾಜ್ಯವು ಈ ದಾರಿಯಲ್ಲಿ ಹಿಂದೆ ಬಿದ್ದುದಲ್ಲ. 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ನಡೆದ ಪ್ರಯೋಗವೇ 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಯೋಜನೆಗೆ ಮಾದರಿಯಾಯಿತು. ತೀರ್ಥಹಳ್ಳಿ ತಾಲ್ಲೂಕಿನಲ್ಲಿ 2005ರಿಂದ ನಿಮ್ಹಾನ್ಸಿನ ವೈದ್ಯರು ಚಿತ್ತವಿಕಲತೆಯುಳ್ಳವರನ್ನು ಹುಡುಕಿ, ಅವರ ಊರಿನಲ್ಲಿಯೇ ಚಿಕಿತ್ಸೆಯನ್ನು ನಡೆಸಿ, ಎಡೆಬಿಡದ ಚಿಕಿತ್ಸೆಯಿಂದ ದುಡಿಮೆಯ ಶಕ್ತಿ ಮರಳುವುದನ್ನು ಕಂಡಿದ್ದಾರೆ. ದಾರಿ ಗೊತ್ತಿದೆ. ತಂಗುಮನೆಗಳು ಬೆರಳೆಣಿಕೆಯಷ್ಟಾಗಿ, ಅವೂ ದೊಡ್ಡ ಪಟ್ಟಣಗಳಲ್ಲಿಯೇ ಇರುವುದು ಸರ್ಕಾರದ ಲೋಪ. ಆದರೆ ಅಂಥ ಮನೆಗೆ ನಮ್ಮ ಬೀದಿಯಲ್ಲಿ ಬಾಡಿಗೆಗೆ ಕಟ್ಟಡ ಕೇಳಿದರೆ, ಬೀದಿಯವರೆಲ್ಲ ಕೂಡಿ ವಿರೋಧದ ಅರ್ಜಿ ಬರೆಯುವುದು ಯಾರ ಲೋಪ?

ಬೆಲ್ಜಿಯಂ ದೇಶದಲ್ಲಿ ಗೀಲ್ ಎಂಬ ಒಂದು ಊರಿದೆ. ಅಲ್ಲಿನ ಸಾಮಾನ್ಯ ಗೃಹಸ್ಥರು ನೂರಾರು ವರ್ಷಗಳಿಂದ ಮನೋರೋಗಿಗಳನ್ನು ತಮ್ಮ ಮನೆಗಳಲ್ಲಿ ಇರಿಸಿಕೊಂಡು, ತಮ್ಮ ಪಂಕ್ತಿಯಲ್ಲಿಯೇ ಊಟಕ್ಕೆ ಕೂರಿಸಿಕೊಂಡು ಬಂದಿದ್ದಾರೆ. 1930ರ ದಶಕದಲ್ಲಿ ಹಾಗೆ ಇದ್ದವರು 3,500ಕ್ಕೂ ಮಿಕ್ಕಿದ್ದರು. ಇಂದು ಸಂಖ್ಯೆ ಇಳಿದಿದ್ದರೂ ಪದ್ಧತಿ ನಿಂತಿಲ್ಲ. ಅವರು ಇರಿಸಿಕೊಂಡದ್ದು ರಕ್ತಸಂಬಂಧವಿಲ್ಲದ ಪರರನ್ನು. ನಾವು ಬಸ್ಸು ಹತ್ತಿಸಿ ಕಳಿಸುವುದು ಒಡಹುಟ್ಟಿದವರನ್ನು.

ಹಾಗಾದರೆ ಮಾಡತಕ್ಕದ್ದೇನು? ಇದಕ್ಕೆ ನಿಧಿ ಬೇಡ, ಸಮಿತಿ ಬೇಡ. ಬಂದವನು ಮುಂಬಾಗಿಲಿನಿಂದ, ಹಗಲು ಹೊತ್ತಿನಲ್ಲಿ ಬರಲಿ. ನೆರೆಯವರು ಕೇಳಿದರೆ, “ಆರೋಗ್ಯ ಸರಿಯಿರಲಿಲ್ಲ, ಆಸ್ಪತ್ರೆಯಲ್ಲಿದ್ದ, ಈಗ ಗುಣವಾಗಿದೆ” ಎಂದು ಹೇಳಿದರೆ ಸಾಕು. ಮನೆಯ ಕೆಲಸಗಳಲ್ಲಿ ಒಂದು ಸಂಪೂರ್ಣವಾಗಿ ಅವನದಾಗಲಿ. ಅವನ ದುಡಿಮೆಗೆ ಪೂರ್ತಿ ಕೂಲಿ ಇರಲಿ. ಔಷಧದ ಹೊಣೆಯನ್ನು ಆದಷ್ಟೂ ಅವನಿಗೇ ಬಿಟ್ಟು, ನಿದ್ದೆ ಕೆಡುವುದು ಮೊದಲಾದ ಮುನ್ಸೂಚನೆಗಳು ಕಂಡಾಗ ಏನು ಮಾಡಬೇಕೆಂಬುದನ್ನು ಅವನು ಚೆನ್ನಾಗಿರುವಾಗಲೇ ಅವನೊಡನೆ ಕುಳಿತು ಗೊತ್ತುಮಾಡಿಕೊಳ್ಳಬೇಕು. ದಿಕ್ಕುತೋಚದಾಗ 14416 ಎಂಬ ಟೆಲಿಮಾನಸ್ ದೂರವಾಣಿಯಿದೆ. 2022ರಿಂದ ನಡೆದಿರುವ ಇದರಲ್ಲಿ ಕನ್ನಡದಲ್ಲಿಯೇ ಸಲಹೆ ದೊರೆಯುತ್ತದೆ. ನೋಡಿಕೊಳ್ಳುವ ಹೆಂಗಸಿಗೆ ವಾರಕ್ಕೆ ಒಂದು ದಿನವಾದರೂ ಬಿಡುವು ಕೊಡಲು ಬಂಧುಗಳು ಸರದಿಯ ಮೇಲೆ ಬರಲಿ. ನಮ್ಮ ಸಂಘದವರು ಮಾಡಬಹುದಾದದ್ದೂ ಒಂದುಂಟು: ನಮ್ಮ ವಾಚನಾಲಯಕ್ಕೆ, ನಮ್ಮ ಉಪನ್ಯಾಸಗಳಿಗೆ, ನಮ್ಮ ವನಭೋಜನಕ್ಕೆ ಅಂಥವರನ್ನು ಹೆಸರು ಹಿಡಿದು ಕರೆಯುವುದು, ಬಂದಾಗ ಅವರ ಬೇನೆಯನ್ನು ಕೇಳದೆ, ಅವರು ಓದಿದ ಪುಸ್ತಕವನ್ನು ಕೇಳುವುದು.

ನನ್ನ ಚಿಕ್ಕಪ್ಪನವರು ಈಗ ಇಲ್ಲ. ಆ ದಿನ ಮಾಡಿಸಿದ್ದು ಶಾವಿಗೆಯ ಪಾಯಸ. ಹೇಳಬೇಕಾದವರಿಗೆ ಅದನ್ನು ಹೇಳಲಿಲ್ಲ. ಇಷ್ಟು ವರ್ಷಗಳ ಮೇಲೆ ಇಲ್ಲಿ ಬರೆಯುತ್ತಿದ್ದೇನೆ. ಈ ತಿಂಗಳು ನಮ್ಮ ಜಿಲ್ಲೆಯ ಯಾವುದೋ ಮನೆಯಲ್ಲಿ ಮದುವೆಯ ಆಮಂತ್ರಣಪತ್ರಗಳು ಅಚ್ಚಾಗುತ್ತಿರಬಹುದು. ಆ ಮನೆಯಲ್ಲಿ ಇಂಥವರೊಬ್ಬರು ಇರಬಹುದು. ಅವರನ್ನು ಬಸ್ಸಿಗೆ ಹತ್ತಿಸದೆ, ಮೊದಲನೆಯ ಪಂಕ್ತಿಯಲ್ಲಿ ಎಲೆ ಹಾಕಿ ಕೂರಿಸಬೇಕೆಂದು ಆ ಮನೆಯ ಹಿರಿಯರಲ್ಲಿ ನನ್ನ ಪ್ರಾರ್ಥನೆ.